ಏಳನೆಯ ವಾಕ್ಯ

ಗಂಟೆಯಣ್ಣ ತೀರಿಕೊಂಡ ಸುದ್ದಿ ಮೇಷ್ಟ್ರಿಗೆ ತಿಳಿದಾಗ ಬೆಳಗಿನ ಹನ್ನೊಂದು ಗಂಟೆ. ಅವರು ಷರತ್ತಿನ ವಾಕ್ಯಗಳ ಪಾಠ ಮಾಡುತ್ತಿದ್ದರು. ಔಷಧಿ ಅಂಗಡಿಯ ಮೇಲಿನ ಮಹಡಿ, ಇಲಾಖಾ ಪರೀಕ್ಷೆಗೆ ಓದುವ ಹನ್ನೆರಡು ಮಂದಿ ಗುಮಾಸ್ತರು, ಒಂದು ಕರಿಹಲಗೆ. ಹಲಗೆಯ ಮೇಲೆ ಮೂರು ಬಾಗಿಲುಗಳ ಚಿತ್ರ ಬರೆದಿದ್ದರು. ಒಂದು ತೆರೆದದ್ದು, ಒಂದು ಓರೆ ಮಾಡಿದ್ದು, ಒಂದು ಚಿಲಕ ಹಾಕಿದ್ದು. ನಲವತ್ತು ವರ್ಷದಿಂದ ಅವರು ಈ ಪಾಠ ಮಾಡುವುದು ಹೀಗೆಯೇ. ನಮ್ಮ ಮಾತಿನಲ್ಲಿ ಕ್ರಿಯಾಪದದ ಬಾಲಕ್ಕೆ ಒಂದು 'ರೆ' ಹಚ್ಚಿಬಿಟ್ಟರೆ ಆಯಿತು, ಇಂಗ್ಲಿಷಿನವನು ಹಾಗಲ್ಲ, ಯಾವ ಬಾಗಿಲು ಎಂದು ಮೊದಲು ಕೇಳುತ್ತಾನೆ ಎನ್ನುವರು. 'ನೀನು ಕರೆದರೆ ನಾನು ಬರುತ್ತೇನೆ' ಎಂಬುದು ತೆರೆದ ಬಾಗಿಲು, ಕರೆಯಲೂಬಹುದು, ಬಿಡಲೂಬಹುದು, ಇಫ್ ಜೊತೆಗೆ ವರ್ತಮಾನಕಾಲ, ಆಚೆ ಕಡೆ ವಿಲ್. 'ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನಬಹುದು' ಎಂಬುದು ಓರೆ ಬಾಗಿಲು. ಮೀಸೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಸಂದಿಯಲ್ಲಿ ಇಣುಕುವ ಚಪಲ. ಅಲ್ಲಿ ಭೂತಕಾಲ, ಆಚೆ ಕಡೆ ವುಡ್. ಇಲ್ಲಿಗೆ ಬಂದಾಗ ತರಗತಿ ನಗುತ್ತದೆ. ಆ ನಗು ಮುಗಿಯುವ ತನಕ ಕಾದು ಮೂರನೆಯ ಬಾಗಿಲಿಗೆ ಬರುವುದು ಅವರ ಪದ್ಧತಿ. ಹಾಗೆ ಕಾಯುತ್ತಿದ್ದಾಗಲೇ ಮೇಜಿನ ಮೇಲಿದ್ದ ಫೋನು ನಡುಗುತ್ತ ನಡುಗುತ್ತ ಅಂಚಿನ ಕಡೆಗೆ ಸರಿಯಿತು.

ಗಂಟೆಯಣ್ಣನ ನಂಬರು, ಹಳೇ ಸ್ಕೂಲಿನಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನ. ಈ ಮನುಷ್ಯ ವರ್ಷಕ್ಕೆ ಎರಡು ಸಲ ಫೋನು ಮಾಡುತ್ತಿದ್ದ, ಆರೋಗ್ಯವೇ ಎಂದು ಕೇಳಿ ಇಟ್ಟುಬಿಡುತ್ತಿದ್ದ. ಆಮೇಲೆ ನೋಡಿದರಾಯಿತು ಎಂದು ಮೇಷ್ಟ್ರು ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲ ಮುಂದಿನ ಬೆಂಚಿನ ಗುಮಾಸ್ತರೊಬ್ಬರು, 'ಸಾರ್, ಬಿದ್ದು ಹೋಗುತ್ತೆ' ಎಂದು ಫೋನನ್ನು ಅಂಗೈಯಲ್ಲಿ ಹಿಡಿದು ಕೊಟ್ಟರು. ಗಂಟೆಯಣ್ಣನಲ್ಲ, ಅವನ ಮಗಳು. ಅಪ್ಪ ಹೋಗಿಬಿಟ್ಟರು, ನಿನ್ನೆ ಬೆಳಗಿನ ಜಾವ, ನಿದ್ದೆಯಲ್ಲೇ, ಎಲ್ಲ ನಿನ್ನೆಯೇ ಮುಗಿಯಿತು ಎಂದಳು. ಮೇಷ್ಟ್ರು 'ಸರಿ' ಎಂದರು. ಹುಡುಗರು ಸರಿಯಾದ ಉತ್ತರ ಹೇಳಿದಾಗ ಅವರು ಹೇಳುತ್ತಿದ್ದ ಅದೇ ಸರಿ, ಅದೇ ಧ್ವನಿ. ಆಮೇಲೆ ಅವಳು, ಇವತ್ತು ನಾಲ್ಕು ಗಂಟೆಗೆ ಹಳೇ ಸ್ಕೂಲಿನ ಹಾಲಿನಲ್ಲಿ ಎಲ್ಲರೂ ಸೇರುತ್ತಾರೆಂದೂ, ತನ್ನ ತಾಯಿಗೆ ಮೇಷ್ಟ್ರಿಂದ ಒಂದು ಕೆಲಸ ಆಗಬೇಕಂತೆ ಎಂದೂ ಹೇಳಿದಳು. 'ಅಪ್ಪನ ಬಗ್ಗೆ ನೀವು ಪುಸ್ತಕದಲ್ಲಿ ಬರೆದಿದ್ದೀರಲ್ಲ ಸಾರ್, ಅದನ್ನ ಓದಿ ಅರ್ಥ ಹೇಳಬೇಕಂತೆ. ಮೂರು ಗಂಟೆಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ.'

ಫೋನನ್ನು ಕೆಳಗಿಟ್ಟು ಮೇಷ್ಟ್ರು ಹಲಗೆಯ ಕಡೆ ತಿರುಗಿದರು. ಕೈ ತನ್ನಷ್ಟಕ್ಕೆ ತಾನು ಮೂರನೆಯ ಬಾಗಿಲಿನ, ಆಗಿಹೋದ ಸಂಗತಿಯ ಚಿಲಕ ಹಾಕಿದ ಬಾಗಿಲಿನ, ಕೆಳಗೆ ಉದಾಹರಣೆ ಬರೆಯಿತು. ಇಫ್ ದಿ ಪ್ಯೂನ್ ಹ್ಯಾಡ್ ನಾಟ್ ಸ್ಲೆಪ್ಟ್, ದಿ ಬೆಲ್ ವುಡ್ ಹ್ಯಾವ್ ರಂಗ್ ಇನ್ ಟೈಮ್. ಜವಾನ ನಿದ್ದೆ ಮಾಡದೆ ಇದ್ದಿದ್ದರೆ ಗಂಟೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಅವರೇ ಬರೆದ ವ್ಯಾಕರಣದ ಅಭ್ಯಾಸಪುಸ್ತಕದ ಹನ್ನೊಂದನೆಯ ಅಭ್ಯಾಸದ ಏಳನೆಯ ವಾಕ್ಯ. ಪುಸ್ತಕ ಹದಿನಾಲ್ಕು ಸಲ ಅಚ್ಚಾಗಿತ್ತು. ಬೆನ್ನ ಹಿಂದೆ ಹನ್ನೆರಡು ಪೆನ್ನುಗಳು ಅದನ್ನು ಇಳಿಸಿಕೊಳ್ಳುವ ಸದ್ದು ಕೇಳಿದಾಗ ಮೇಷ್ಟ್ರಿಗೆ ಎಚ್ಚರವಾಯಿತು. ಒರೆಸುವ ಬಟ್ಟೆ ಪಕ್ಕದಲ್ಲೇ ಇದ್ದರೂ ಅಂಗೈಯಿಂದ ಒರೆಸಿದರು. 'ಇದು ಬೇಡ, ಬೇರೆ ಬರೀತೀನಿ' ಎಂದರು. ಬೇರೆ ವಾಕ್ಯ ಹೊಳೆಯಲಿಲ್ಲ. ಇವತ್ತಿಗೆ ಸಾಕು ಎಂದರು. ಗುಮಾಸ್ತರು ರಜೆ ಸಿಕ್ಕಿದ ಮಕ್ಕಳ ಹಾಗೆ ಎದ್ದು ಹೋದರು. ಅವರ ಟಿಪ್ಪಣಿಗಳಲ್ಲಿ ವಾಕ್ಯ ಹಾಗೇ ಉಳಿದುಕೊಂಡಿತು.

ನಿನ್ನೆ ಬೆಳಗಿನ ಜಾವ ತಾನು ಎಲ್ಲಿದ್ದೆ ಎಂದು ಮೆಟ್ಟಿಲು ಇಳಿಯುತ್ತ ಅವರು ಲೆಕ್ಕ ಹಾಕಿದರು. ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದೆ. ಮೊಣಕಾಲಿನ ನೋವು ಕಡಿಮೆಯಾಗಲಿ ಎಂದು ಕೇಳಿಕೊಂಡಿದ್ದೆ. ಅದೇ ಹೊತ್ತಿಗೆ ಎರಡು ಬೀದಿ ಆಚೆ ಒಬ್ಬ ಮನುಷ್ಯ ಉಸಿರು ಬಿಟ್ಟಿದ್ದ, ನನಗೆ ಒಂದು ಎಲೆ ಅಲುಗಿದಷ್ಟೂ ತಿಳಿಯಲಿಲ್ಲ. ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಬೈಸಿಕಲ್ ರಿಪೇರಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ಗಂಟೆಯಣ್ಣ ಓಡುತ್ತಿದ್ದದ್ದು ಇದೇ ಬೀದಿಯಲ್ಲಿ. ಅಂಚೆಕಚೇರಿ ಆ ತಿರುವಿನಲ್ಲಿ. ಮೂವತ್ತೊಂದು ವರ್ಷದ ಹಿಂದೆ, ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯ ದಿನ, ಸ್ಕೂಲಿನ ಹಾಲಿನ ಮೇಲ್ವಿಚಾರಣೆ ಮೇಷ್ಟ್ರದೇ ಆಗಿತ್ತು. ಹಾಲಿನಲ್ಲಿ ಗಡಿಯಾರವಿರಲಿಲ್ಲ. ಮುಗಿಯುವುದಕ್ಕೆ ಹದಿನೈದು ನಿಮಿಷ ಮೊದಲು ಎಚ್ಚರಿಕೆಯ ಗಂಟೆ ಹೊಡೆಯಬೇಕು, ಮಕ್ಕಳು ಅದನ್ನು ನಂಬಿಕೊಂಡೇ ಕೊನೆಯ ಪ್ರಶ್ನೆ ಕೈಗೆತ್ತಿಕೊಳ್ಳುತ್ತಾರೆ. ಮೇಷ್ಟ್ರ ಚೀಲದಲ್ಲಿ ಅಭ್ಯಾಸಪುಸ್ತಕದ ಹಸ್ತಪ್ರತಿ ಕಟ್ಟಿ ಸಿದ್ಧವಾಗಿತ್ತು. ಪ್ರಕಾಶಕರು ಕೊಟ್ಟ ಕೊನೆಯ ದಿನ ಅದು, ಮಧ್ಯಾಹ್ನದ ಟಪಾಲು ತಪ್ಪಿದರೆ ಮುಂದಿನ ವರ್ಷವೇ. ಗಂಟೆಯಣ್ಣನನ್ನು ಕರೆದು, ಹೋದ ಹಾಗೆ ಬಂದುಬಿಡು ಎಂದು ಕಳಿಸಿದರು. 'ಗಂಟೆ ಹೊಡೆಯೋ ಹೊತ್ತಾಗುತ್ತೆ ಸಾರ್' ಎಂದು ಅವನು ಒಂದೇ ಒಂದು ಸಲ ಹೇಳಿದ. 'ಇನ್ನೂ ಅರ್ಧ ಗಂಟೆ ಇದೆಯಪ್ಪ, ನಿನ್ನ ಕಾಲಿಗೆ ಅದೆಷ್ಟು ಹೊತ್ತು' ಎಂದರು. ಆ ಹೊಗಳಿಕೆಗೆ ಅವನು ಹಿಗ್ಗಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಂಚೆಕಚೇರಿಯಲ್ಲಿ ಸಾಲು ಇತ್ತು. ಎಚ್ಚರಿಕೆಯ ಗಂಟೆ ಆಗಲೇ ಇಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಾಧಿಕಾರಿ ತನ್ನ ಕೈಗಡಿಯಾರ ನೋಡಿಕೊಂಡು ಹೊತ್ತಿಗೆ ಸರಿಯಾಗಿ ಎದ್ದು ಉತ್ತರಪತ್ರಿಕೆ ಕಿತ್ತುಕೊಂಡ. ನಲವತ್ತು ಮಕ್ಕಳು ಕೊನೆಯ ಪ್ರಶ್ನೆ ಮುಟ್ಟಿರಲಿಲ್ಲ. ಸಂಜೆಯೊಳಗೆ ತಂದೆತಾಯಿಗಳು ಗೇಟಿನ ಮುಂದೆ ಸೇರಿದರು, ಮಾರನೆಯ ದಿನ ವಿಚಾರಣೆ. ಹೆಡ್‌ಮಾಸ್ಟರ ಕೋಣೆಯಲ್ಲಿ ಐದು ಕುರ್ಚಿ, ಐದನೆಯದರಲ್ಲಿ ಮೇಷ್ಟ್ರು. ಪರೀಕ್ಷೆಯ ಹೊತ್ತಿನಲ್ಲಿ ಸಿಬ್ಬಂದಿಯನ್ನು ಸ್ವಂತ ಕೆಲಸಕ್ಕೆ ಕಳಿಸಿದವನಿಗೆ ಏನಾಗುತ್ತದೆಂದು ಆ ಕೋಣೆಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಎಲ್ಲಿ ಹೋಗಿದ್ದೆ ಎಂದು ಕೇಳಿದರು. ಗಂಟೆಯಣ್ಣ ಮೇಷ್ಟ್ರ ಮುಖವನ್ನು ಒಂದು ಸಲ ನೋಡಿದ, ಬೇಡುವ ನೋಟವಲ್ಲ, ಬೆದರಿಸುವ ನೋಟವೂ ಅಲ್ಲ, ಬೀಗ ಹಾಕಿದೆಯೇ ಎಂದು ಜಗ್ಗಿ ನೋಡುವವನ ನೋಟ. ಆಮೇಲೆ, 'ಜೊಂಪು ಹತ್ತಿಬಿಡ್ತು ಸ್ವಾಮಿ' ಎಂದ. ಅಷ್ಟೇ. ಅವನ ಕೈಯಿಂದ ಗಂಟೆಯ ಸುತ್ತಿಗೆ ಕಿತ್ತುಕೊಂಡು ಮೂರು ವರ್ಷ ಕಕ್ಕಸು ತೊಳೆಯುವ ಕೆಲಸಕ್ಕೆ ಹಾಕಿದರು. ಹೊರಗೆ ಬಂದಮೇಲೆ ಮೊಗಸಾಲೆಯ ಕಂಬದ ಮರೆಯಲ್ಲಿ ಅವನು ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದುಕೊಟ್ಟ. 'ರಸೀತಿ ಸಾರ್. ಬೆವರಿಗೆ ಸ್ವಲ್ಪ ಮೆತ್ತಗಾಗಿದೆ. ಹರಿದಿಲ್ಲ.'

ಮನೆಯಲ್ಲಿ ಹೆಂಡತಿ ಊಟಕ್ಕೆ ಇಟ್ಟುಕೊಂಡು ಕಾದಿದ್ದರು. ಮೇಷ್ಟ್ರು ಸುದ್ದಿ ಹೇಳಿದರು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತು ಅತ್ತರು. ನಮ್ಮ ಮನೆಯ ನಲ್ಲಿ ಕೆಟ್ಟರೆ ಅವನು, ಬಾಗಿಲು ಊದಿಕೊಂಡರೆ ಅವನು, ಒಂದು ದಿನ ಎದುರು ಮಾತಾಡಿದವನಲ್ಲ, ಎಂಥ ಜೀವ ಎಂದರು. ಮೇಷ್ಟ್ರು ತಟ್ಟೆಯ ಮುಂದೆ ಕೂತು ಕೈ ಅದ್ದದೆ ಹಾಗೇ ನೋಡುತ್ತಿದ್ದರು. 'ನಿಮಗೆ ಅಳೋದಕ್ಕೂ ಯಾರಾದ್ರೂ ಅಪ್ಪಣೆ ಕೊಡಬೇಕಾ?' ಎಂದು ಹೆಂಡತಿ ಕೇಳಿದರು. ಬೇರೆ ದಿನವಾಗಿದ್ದರೆ, ನಿಮ್ಮ ಇಫ್ಫು ವುಡ್ಡು ಎಲ್ಲ ಹಲಗೆ ಹತ್ತಿರ ಇಟ್ಟುಕೊಳ್ಳಿ, ಅನ್ನ ಆರುತ್ತೆ ಎಂದು ಗದರುವ ಹೆಂಗಸು ಅವರು. ಇವತ್ತು ಗದರಲಿಲ್ಲ. ಅದೂ ಒಂದು ಮರ್ಯಾದೆ ಎಂದು ಮೇಷ್ಟ್ರಿಗೆ ಚುಚ್ಚಿತು. ದುಃಖದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ತಾನು ಕುಳಿತ ಕಡೆಯೇ ಕದಿಯುತ್ತಿದ್ದೇನೆ ಅನ್ನಿಸಿತು.

ಕಪಾಟಿನಿಂದ ಪುಸ್ತಕ ತೆಗೆದು ಹನ್ನೊಂದನೆಯ ಅಭ್ಯಾಸಕ್ಕೆ ಬಂದರು. ಅಂದು ಅಚ್ಚಿನ ಕರಡು ತಿದ್ದುವಾಗ ಏಳನೆಯ ವಾಕ್ಯವೂ ಮೂರನೆಯ ವಾಕ್ಯವೂ ಒಂದೇ ಆಗಿರುವುದು ಕಂಡಿತ್ತು. ಇನ್ನೊಂದು ಬರೆದುಕೊಡಿ, ಜಾಗ ಖಾಲಿಯಿದೆ ಎಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಚೀಟಿ ಬರೆದಿದ್ದ. ವಿಚಾರಣೆ ಮುಗಿದು ಮೂರು ತಿಂಗಳಾಗಿತ್ತು. ಸುಮ್ಮನೆ ಹೊಳೆದದ್ದು, ಊರಿಗೆಲ್ಲ ಗೊತ್ತಿರುವ ಸಂಗತಿ, ಮಕ್ಕಳಿಗೆ ಬೇಗ ಹತ್ತುತ್ತದೆ ಎಂದು ಬರೆದೆ. ಹೀಗೆಂದು ಮೂವತ್ತೊಂದು ವರ್ಷ ತಮಗೆ ತಾವೇ ಹೇಳಿಕೊಂಡಿದ್ದರು. ಇವತ್ತು ಆ ಮಾತು ನಿಲ್ಲಲಿಲ್ಲ. ಮೂರನೆಯ ಬಗೆಯ ವಾಕ್ಯಕ್ಕೆ ಒಂದು ಗುಣವಿದೆ. ಅದು ಯಾರ ಮೇಲೂ ಬೆರಳು ತೋರಿಸುವುದಿಲ್ಲ. ನಿದ್ದೆ ಮಾಡಿದನೋ ಇಲ್ಲವೋ ಎಂಬ ಪ್ರಶ್ನೆಯನ್ನೇ ಎತ್ತುವುದಿಲ್ಲ. ಅದೆಲ್ಲ ಎಂದೋ ಇತ್ಯರ್ಥವಾಗಿದೆ, ಈಗ ನೋಡಬೇಕಾದ್ದು ಹ್ಯಾಡ್ ಎಲ್ಲಿ ಬಂತು, ವುಡ್ ಹ್ಯಾವ್ ಎಲ್ಲಿ ಬಂತು ಎಂಬುದು ಮಾತ್ರ. ಬಾಯಿಮಾತಿನ ಸುಳ್ಳನ್ನು ಯಾರಾದರೂ ಒಂದು ದಿನ ಕೆದಕಿಯಾರು, ವ್ಯಾಕರಣದ ಉದಾಹರಣೆಯನ್ನು ಕೆದಕುವವರು ಯಾರು? ಗೊತ್ತಿದ್ದೇ ಬರೆದೆ ಎಂದು ಮೇಷ್ಟ್ರು ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಒಪ್ಪಿಕೊಂಡರು. ಮನಸ್ಸಿನ ಮೂಲೆಯಲ್ಲಿ ಗೊತ್ತಿತ್ತು. ಅವನನ್ನು ಅಲ್ಲಿ ಮಲಗಿಸಿಬಿಟ್ಟರೆ ನಾನು ಏಳಬೇಕಾಗಿಲ್ಲ ಎಂದು ಗೊತ್ತಿತ್ತು.

ಪುಸ್ತಕ ಬಂದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳು ಒಕ್ಕೊರಲಿನಿಂದ ಆ ವಾಕ್ಯ ಹೇಳುವಾಗ ಕಿಟಕಿಯ ಆಚೆ ಬಕೀಟು ಹಿಡಿದು ಹೋಗುತ್ತಿದ್ದ ಗಂಟೆಯಣ್ಣ ನಿಂತುಬಿಟ್ಟ. ಪ್ಯೂನ್ ಎಂಬ ಮಾತು, ಬೆಲ್ ಎಂಬ ಮಾತು, ಎರಡೂ ಅವನಿಗೆ ಗೊತ್ತಿದ್ದವು. ಮಕ್ಕಳು ಅವನನ್ನು ನೋಡಿ ಕಿಸಕ್ಕನೆ ನಕ್ಕರು. ಅವನೂ ನಕ್ಕು ಕೈ ಎತ್ತಿದ. ಮಧ್ಯಾಹ್ನ ಮೊಗಸಾಲೆಯಲ್ಲಿ ಹಿಡಿದು ಕೇಳಿದ, 'ಸಾರ್, ಪುಸ್ತಕದಲ್ಲಿ ನನ್ನ ವಿಷಯ ಬಂದಿದೆಯಂತೆ. ಏನು ಸಾರ್ ಅದು?' ಪೊರಕೆ ಕಂಕುಳಲ್ಲಿತ್ತು. ಫಿನಾಯಿಲ್ ವಾಸನೆ. ಮೇಷ್ಟ್ರ ನಾಲಿಗೆ ತಡವರಿಸಲಿಲ್ಲ. 'ಜವಾನ ಇದ್ದರೆ ಗಂಟೆ ಹೊತ್ತಿಗೆ ಸರಿಯಾಗಿ ಆಗುತ್ತೆ ಅಂತ ಕಣಯ್ಯ' ಎಂದರು. ತೆರೆದ ಬಾಗಿಲಿನ ವಾಕ್ಯ. ಗಂಟೆಯಣ್ಣ ಪೊರಕೆಯನ್ನು ಗೋಡೆಗೆ ಒರಗಿಸಿ ಎರಡೂ ಕೈ ಅಂಗಿಗೆ ಒರೆಸಿಕೊಂಡು ಮುಗಿದ. ಅಂದಿನಿಂದ ನಿವೃತ್ತನಾಗುವ ತನಕ, ಆ ಪಾಠದ ದಿನ ಮಕ್ಕಳ ಕೂಗು ಕೇಳಿದರೆ ಸಾಕು, ಎಲ್ಲಿದ್ದರೂ ಕಿಟಕಿಯ ಕಡೆ ಬಂದು ಕೈ ಎತ್ತುತ್ತಿದ್ದ. ಮೇಷ್ಟ್ರು ಹಲಗೆಯ ಕಡೆ ತಿರುಗಿಕೊಳ್ಳುತ್ತಿದ್ದರು.

ಮೂರು ಗಂಟೆಗೆ ಅವನ ಮಗಳು ಬಂದಳು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು, ನಲವತ್ತರ ಹತ್ತಿರದವಳು, ಅಪ್ಪನ ಹಾಗೆಯೇ ಉದ್ದ ಕಾಲು, ವೇಗದ ನಡಿಗೆ. ಮೇಷ್ಟ್ರಿಗಾಗಿ ಹೆಜ್ಜೆ ಸಣ್ಣದು ಮಾಡಿಕೊಂಡು ನಡೆದಳು. ಅಂಚೆಕಚೇರಿ ದಾಟಿದ ಮೇಲೆ ಮೇಷ್ಟ್ರು, ಆ ವಾಕ್ಯವನ್ನು ಇವತ್ತು ಓದುವುದು ಬೇಡ ಕಣಮ್ಮ, ಬೇರೆ ನಾಲ್ಕು ಮಾತು ಹೇಳುತ್ತೇನೆ ಎಂದರು. ಅವಳು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ.

'ಯಾಕೆ ಸಾರ್, ಅದರ ಅರ್ಥ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?'

ಮೇಷ್ಟ್ರು ಅಲ್ಲೇ ನಿಂತುಬಿಟ್ಟರು.

'ನಾನೂ ನಿಮ್ಮ ಒಂಬತ್ತನೇ ಕ್ಲಾಸಲ್ಲೇ ಓದಿದವಳು. ಸಾಲಾಗಿ ಒಬ್ಬೊಬ್ಬರೂ ಒಂದೊಂದು ವಾಕ್ಯ ಓದಬೇಕಿತ್ತು. ನನ್ನ ಸರದಿಗೆ ಅದೇ ಬಂತು. ಓದಿದೆ. ತಪ್ಪಿಲ್ಲದೆ ಓದಿದೆ. ನೀವು ಗುಡ್ ಅಂದ್ರಿ.'

ನೆನಪಿರಲಿಲ್ಲ ಎಂದು ಹೇಳಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಅದೇ ಇನ್ನೂ ಕೆಟ್ಟದ್ದಾಗಿ ಕಂಡಿತು. ಎರಡನೆಯ ಬೆಂಚು, ಎರಡು ಜಡೆ, ಓದಿ ಕೂತ ಮೇಲೆ ಪುಸ್ತಕದಿಂದ ತಲೆಯೆತ್ತದ ಒಂದು ಹುಡುಗಿ. ಇದ್ದಳೇ, ಅಥವಾ ಈಗ ಅವಳು ಹೇಳಿದ್ದರಿಂದ ತಾನು ಕಟ್ಟಿಕೊಳ್ಳುತ್ತಿದ್ದೇನೆಯೇ? ಅವಳು ಹೇಳುತ್ತ ಹೋದಳು. ಅವತ್ತು ಸಂಜೆ ಅಪ್ಪನಿಗೆ ಹೇಳಿಬಿಡಬೇಕೆಂದು ಓಡುತ್ತ ಮನೆಗೆ ಹೋದಳಂತೆ. ಅಪ್ಪ ಗೋಂದು ಹಚ್ಚಿಕೊಂಡು ತಾನೇ ಕೊಂಡು ಇಟ್ಟುಕೊಂಡಿದ್ದ ಪ್ರತಿಗೆ ಹೊಸ ಹೊದಿಕೆ ಹಾಕುತ್ತ ಕೂತಿದ್ದನಂತೆ, ಆ ಪುಟ ಸಿಗಲೆಂದು ಒಂದು ಕೆಂಪು ದಾರ ಅಂಟಿಸಿದ್ದನಂತೆ. ಅವಳು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತಳಂತೆ.

'ಅಪ್ಪ ಅವತ್ತು ನಿದ್ದೆ ಮಾಡಿದ್ರು, ತಪ್ಪು ಅವರದ್ದೇ. ಆದ್ರೂ ಪುಸ್ತಕದಲ್ಲಿ ಹಾಕಬೇಕಾಗಿರಲಿಲ್ಲ ಸಾರ್ ನೀವು. ಹೋಗಲಿ. ಅಪ್ಪನಿಗೆ ಯಾವ ಅರ್ಥ ಹೇಳಿದ್ರೋ ಇವತ್ತು ಅಮ್ಮನ ಎದುರಿಗೆ ಅದನ್ನೇ ಹೇಳಿ. ನಾನು ಅಷ್ಟೇ ಕೇಳೋದು.'

ತಪ್ಪು ಅವರದ್ದೇ. ಮಗಳಿಗೂ ಅವನು ಹೇಳಿರಲಿಲ್ಲ. ಕೊನೆಯ ತನಕ ತನ್ನ ಮಗುವಿನ ಕಣ್ಣಲ್ಲಿ ಗಂಟೆಯ ಪಕ್ಕದಲ್ಲಿ ತೂಕಡಿಸಿದವನಾಗಿಯೇ ಉಳಿದ. ಈಗಲೇ, ಈ ರಸ್ತೆಯಲ್ಲೇ ಹೇಳಿಬಿಡಲೇ ಎಂದು ಮೇಷ್ಟ್ರಿಗೆ ಅನ್ನಿಸಿತು. ಬಾಯಿ ತೆರೆದರು. ಎದುರಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕಾಲು ಮುಟ್ಟಿ, ನಿಮ್ಮ ಹತ್ತಿರ ಕಲಿತ ಇಂಗ್ಲಿಷೇ ಸಾರ್ ನಮಗೆ ಅನ್ನ ಹಾಕುತ್ತಿರುವುದು ಎಂದ. ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟರು. ಕೈ ಇಟ್ಟ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿತು.

ಶಾಲೆಯ ಹಾಲು ಅದೇ. ಕಿಟಕಿಗೆ ಹೊಸ ಬಣ್ಣ ಬಳಿದಿದ್ದರು, ಗೋಡೆಯಲ್ಲಿ ಈಗ ಒಂದು ಗಡಿಯಾರವಿತ್ತು. ಅರವತ್ತು ಎಪ್ಪತ್ತು ಜನ. ವೇದಿಕೆಯ ಮೇಲೆ ಕುರ್ಚಿಯಲ್ಲಿ ಗಂಟೆಯಣ್ಣನ ಪಟ; ಯಾವುದೋ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು, ಮುಖ ಹಿಗ್ಗಿಹೋಗಿತ್ತು. ಹಳೆಯ ಹೆಡ್‌ಮಾಸ್ಟರು ಎಂಬತ್ತಾರರ ವಯಸ್ಸಿನಲ್ಲೂ ಮೈಕು ಬಿಡದೆ ಹಿಡಿದುಕೊಂಡಿದ್ದರು. ಮುಂದಿನ ಸಾಲಿನಲ್ಲಿ ಗಂಟೆಯಣ್ಣನ ಹೆಂಡತಿ, ತೊಡೆಯ ಮೇಲೆ ಹೊದಿಕೆ ಹಾಕಿದ ಪುಸ್ತಕ. ಮೇಷ್ಟ್ರು ಹತ್ತಿರ ಹೋಗಿ ನಿಂತರು. ಆಕೆ ಪಕ್ಕದ ಕುರ್ಚಿ ತೋರಿಸಿ ಕೂರಿಸಿಕೊಂಡು, ಮಗಳಿಗೆ ಕೇಳದ ಹಾಗೆ ಮುಖ ಹತ್ತಿರ ತಂದರು.

'ಅವಳಿಗೆ ಗೊತ್ತಿಲ್ಲ ಮೇಷ್ಟ್ರೇ, ನನಗೆ ಗೊತ್ತು. ಅವತ್ತು ರಾತ್ರಿನೇ ಹೇಳಿದ್ರು, ನಿಮ್ಮ ಕಟ್ಟು ಅಂಚೆಗೆ ಹಾಕೋಕೆ ಹೋಗಿದ್ದು ಅಂತ. ನಾನು ಬೈದೆ. ಯಾರಿಗೋಸ್ಕರ ಕಕ್ಕಸು ಬಳೀತೀರಾ, ಹೋಗಿ ಹೇಳಿ ಅಂತ ಜಗಳ ಆಡಿದೆ. ವರ್ಷ ಪೂರ್ತಿ ಆಡಿದೆ.' ಆಕೆ ಪುಸ್ತಕದ ಮೇಲೆ ಬೆರಳು ಸವರಿದರು. 'ಆಮೇಲೆ ಇದು ಬಂತು. ನೋಡೇ, ಮೇಷ್ಟ್ರು ಮರೀಲಿಲ್ಲ, ಜವಾನ ಅಲ್ಲಿ ಇದ್ದರೆ ಗಂಟೆ ಆಗುತ್ತೆ ಅಂದ್ರೆ, ಇಲ್ಲದ ಹಾಗೆ ಮಾಡಿದ್ದು ತಾವೇ ಅಂತ, ಬಾಯಿಬಿಟ್ಟು ಹೇಳೋಕೆ ಆಗದ್ದನ್ನ ಪುಸ್ತಕದಲ್ಲಿ ಹೇಳಿದ್ದಾರೆ, ನಂದೂ ಅವರದ್ದೂ ಲೆಕ್ಕ ತೀರಿತು ಅಂದ್ರು. ಅವತ್ತಿಂದ ನಾನೂ ನಿಮ್ಮನ್ನ ಬೈಯೋದು ಬಿಟ್ಟೆ.'

ಮೇಷ್ಟ್ರು ಪುಸ್ತಕದಿಂದ ಇಳಿಬಿದ್ದ ಕೆಂಪು ದಾರವನ್ನೇ ನೋಡಿದರು. ಅವನು ಮೌನವಾಗಿದ್ದದ್ದು ದೊಡ್ಡತನ ಎಂದುಕೊಂಡಿದ್ದೆ, ಹೆದರಿಕೆ ಎಂದೂ ಒಮ್ಮೊಮ್ಮೆ ಅಂದುಕೊಂಡಿದ್ದೆ. ಅವನು ನನ್ನನ್ನು ಕ್ಷಮಿಸಿದ್ದ. ಯಾವ ವಾಕ್ಯದಿಂದ ಅವನನ್ನು ಹೂತೆನೋ ಅದೇ ವಾಕ್ಯವನ್ನು ನಂಬಿ ಕ್ಷಮಿಸಿದ್ದ. ಈಗ ಆ ಸುಳ್ಳನ್ನೇ ಇನ್ನೊಂದು ಸಲ ಹೇಳಿದರೆ ಈ ಹೆಂಗಸಿನ ಮನಸ್ಸು ತಣ್ಣಗಿರುತ್ತದೆ, ಆದರೆ ಮಗಳೂ ಈ ಹಾಲೂ ಅವನನ್ನು ನಿದ್ದೆಬಡುಕನೆಂದೇ ಕಳಿಸಿಕೊಡುತ್ತವೆ. ನಿಜ ಹೇಳಿದರೆ ಅವನ ಕಳಂಕ ಹೋಗುತ್ತದೆ, ಇವರ ಕೈಯಲ್ಲಿರುವ ಪುಸ್ತಕ ವಿಷವಾಗುತ್ತದೆ. ದೇವರೇ, ಯಾವುದು ಅವನಿಗೆ ಸಲ್ಲುವುದು ಎಂದು ತಿಳಿಸು ಎಂದು ಕೇಳಿಕೊಳ್ಳುವುದರೊಳಗೆ ಹೆಡ್‌ಮಾಸ್ಟರು ಅವರನ್ನು ಕರೆದರು.

ಗಂಟೆಯಣ್ಣನ ಹೆಂಡತಿ ಪುಸ್ತಕ ಕೊಟ್ಟರು. ದಾರವಿದ್ದ ಪುಟ ತಾನೇ ತೆರೆದುಕೊಂಡಿತು. ಮೇಷ್ಟ್ರು ಮೈಕಿನ ಮುಂದೆ ನಿಂತು ಮೊದಲರ್ಧ ಓದಿದರು. ಉಳಿದರ್ಧವನ್ನು ಓದಬೇಕಾಗಲಿಲ್ಲ. ದಿ ಬೆಲ್ ವುಡ್ ಹ್ಯಾವ್ ರಂಗ್ ಇನ್ ಟೈಮ್ ಎಂದು ಹಾಲಿಗೆ ಹಾಲೇ ಒಕ್ಕೊರಲಿನಿಂದ ಹೇಳಿತು. ಬ್ಯಾಂಕಿನವರು, ಅಂಗಡಿಯವರು, ತಲೆ ನರೆತವರು, ಎಲ್ಲರೂ ಒಂಬತ್ತನೆಯ ತರಗತಿಯ ರಾಗದಲ್ಲಿ. ಹೇಳಿ ಮುಗಿಸಿ ತಮ್ಮಷ್ಟಕ್ಕೆ ತಾವೇ ನಾಚಿ ನಕ್ಕರು. ಒಬ್ಬರಿಗೂ ಅರ್ಥ ನೆನಪಾದಂತೆ ಕಾಣಲಿಲ್ಲ. ನೆನಪಿದ್ದವಳು ಒಬ್ಬಳು, ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಮೇಷ್ಟ್ರ ಬಾಯನ್ನೇ ನೋಡುತ್ತಿದ್ದಳು.

'ಅವನು ಅವತ್ತು ನಿದ್ದೆ ಮಾಡಿರಲಿಲ್ಲ' ಎಂದರು ಮೇಷ್ಟ್ರು. ಧ್ವನಿ ತಮ್ಮದೆನ್ನಿಸಲಿಲ್ಲ. 'ಪರೀಕ್ಷೆಯ ದಿನ ಅವನನ್ನು ನಾನು ಅಂಚೆಕಚೇರಿಗೆ ಕಳಿಸಿದ್ದೆ. ನನ್ನ ಸ್ವಂತ ಕೆಲಸಕ್ಕೆ. ಗಂಟೆ ಹೊಡೆಯೋ ಹೊತ್ತಾಗುತ್ತೆ ಅಂತ ಅವನು ಹೇಳಿದ್ದ. ನಾನೇ ಕಳಿಸಿದೆ. ವಿಚಾರಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ತಪ್ಪು ನನ್ನದು.'

ಬರಬೇಕಾದ್ದು ಈಗ ಬರುತ್ತದೆ ಎಂದು ಮೇಷ್ಟ್ರು ಮೇಜಿನ ಅಂಚು ಹಿಡಿದು ನಿಂತರು. ಯಾರಾದರೂ ಎದ್ದು ನಾಲ್ಕು ಮಾತು ಅಂದುಬಿಡಲಿ ಎಂದು ಹಸಿದವನ ಹಾಗೆ ಕಾದರು. ಹೆಡ್‌ಮಾಸ್ಟರು ಎದ್ದು ಬಂದು ಅವರ ಭುಜದ ಮೇಲೆ ಕೈ ಹಾಕಿದರು. ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು. ವಿಚಾರಣೆ ಮಾಡಿದವನು ನಾನು, ಆ ಕೋಣೆಯಲ್ಲಿ ಏನು ನಡೆಯಿತೆಂದು ನನಗೆ ಗೊತ್ತಿಲ್ಲವೇ, ಅವನೇ ಒಪ್ಪಿಕೊಂಡಿದ್ದ ಎಂದರು. 'ನೋಡಿ ಇವರನ್ನ. ಹೋದವನ ಮೇಲೆ ಒಂದು ಚುಕ್ಕೆ ಉಳೀಬಾರದು ಅಂತ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಇಂಥ ಗುರುಗಳು ಎಲ್ಲಿ ಸಿಗ್ತಾರೆ?' ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಮೇಷ್ಟ್ರು ಇಲ್ಲ ಇಲ್ಲ ಎಂದು ತಲೆಯಾಡಿಸಿದರು. ತಲೆಯಾಡಿಸಿದಷ್ಟೂ ಚಪ್ಪಾಳೆ ಜೋರಾಯಿತು. ಮಗಳ ಕಣ್ಣಲ್ಲಿ ನೀರು ಬಂದಿತ್ತು. ಅವಳೂ ತಟ್ಟುತ್ತಿದ್ದಳು. ತಾನು ಕೇಳಿಕೊಂಡದ್ದಕ್ಕಿಂತ ದೊಡ್ಡ ಸುಳ್ಳನ್ನು ಮೇಷ್ಟ್ರು ತನ್ನ ಅಪ್ಪನಿಗಾಗಿ ಹೇಳಿದರೆಂದು ಅವಳ ಮುಖವೆಲ್ಲ ಕರಗಿಹೋಗಿತ್ತು.

ತಟ್ಟದೆ ಕೂತವರು ಗಂಟೆಯಣ್ಣನ ಹೆಂಡತಿ ಮಾತ್ರ. ಅವರಿಗೆ ಅದು ನಿಜವೆಂದು ಗೊತ್ತಿತ್ತು. ಮೇಷ್ಟ್ರು ಇಳಿದು ಬಂದು ಪುಸ್ತಕ ಹಿಂದಕ್ಕೆ ಕೊಡುವಾಗ ಆಕೆ ಅದನ್ನು ತೆಗೆದುಕೊಳ್ಳಲಿಲ್ಲ. ಅವರ ಮುಖ ನೋಡಿದರು.

'ಈಗ ಬಾಯಿಬಿಟ್ಟು ಹೇಳಿದ್ರಿ' ಎಂದರು. 'ಹಾಗಾದ್ರೆ ಪುಸ್ತಕದಲ್ಲಿ ಇರೋದು ಇದಲ್ಲ.'

'ಅಲ್ಲ ತಾಯಿ.'

'ನಿದ್ದೆ ಮಾಡ್ದ ಅಂತ ಇದೆಯಾ?'

ಮೇಷ್ಟ್ರು ತಲೆ ತಗ್ಗಿಸಿದರು. ಅದೇ ಉತ್ತರವಾಯಿತು. ಆಕೆ ಅಳಲಿಲ್ಲ, ಶಪಿಸಲಿಲ್ಲ. ಸೆರಗು ಎಳೆದುಕೊಂಡು ಮಗಳ ಕಡೆಯ ಕುರ್ಚಿಗೆ ಸರಿದು ಕೂತರು. ಮೇಷ್ಟ್ರು ತಮ್ಮ ಕುರ್ಚಿಯಲ್ಲಿ ಕೂತರು, ಅವರಿಗೂ ಆಕೆಗೂ ನಡುವೆ ಒಂದು ಖಾಲಿ ಕುರ್ಚಿ ಉಳಿಯಿತು. ಅಮ್ಮನಿಗೆ ಸುಸ್ತಾಗಿದೆ ಎಂದುಕೊಂಡು ಮಗಳು ನೀರು ತರಲು ಹೋದಳು. ಹೋಗುವಾಗ ಮೇಷ್ಟ್ರ ಕೈ ಹಿಡಿದು ಒತ್ತಿದಳು. ಆ ಕೈಯನ್ನು ಕಿತ್ತುಕೊಳ್ಳಬೇಕೆನ್ನಿಸಿತು, ಕಿತ್ತುಕೊಳ್ಳಲಿಲ್ಲ.

ಎಲ್ಲರೂ ಒಂದು ನಿಮಿಷ ಎದ್ದು ನಿಂತು ಪ್ರಾರ್ಥಿಸೋಣ ಎಂದು ಹೆಡ್‌ಮಾಸ್ಟರು ಹೇಳಿದರು. ಕುರ್ಚಿಗಳು ಕಿರುಗುಟ್ಟಿದವು. ಮೇಷ್ಟ್ರು ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಕಣ್ಣು ಮುಚ್ಚಿದೊಡನೆ ನಾಲಿಗೆಗೆ ಬಂದದ್ದು ಕ್ಷಮೆಯ ಮಾತು, ತಮಗಾಗಿ. ಅದನ್ನು ನುಂಗಿದರು. ಇದು ಅವನ ನಿಮಿಷ, ಇದರಲ್ಲಿಯೂ ನನ್ನ ಕೆಲಸ ಅವನ ಕೈಗೆ ಕೊಡಬಾರದು ಎಂದುಕೊಂಡರು. ದೇವರೇ, ಇವನು ನಿನ್ನ ಬಳಿಗೆ ಬಂದಿದ್ದಾನೆ. ತಾನು ಮಾಡದ್ದನ್ನು ಮಾಡಿದೆನೆಂದು ಒಪ್ಪಿಕೊಂಡವನು, ತನಗೆ ಸಿಗದ್ದನ್ನು ಸಿಕ್ಕಿತೆಂದು ನಂಬಿದವನು. ಅಲ್ಲಿ ಅವನನ್ನು ಯಾರೂ ಏನೂ ಕೇಳದಿರಲಿ. ಯಾರ ಕೆಲಸಕ್ಕೂ ಅವನು ಓಡದಿರಲಿ. ಅವನ ಬೆವರು ಆರಲಿ, ಅವನ ಕಾಲು ದಣಿವಾರಲಿ. ಅವನಿಗೆ ಒಳ್ಳೆಯ ನಿದ್ದೆ ಕೊಡು ತಂದೆ, ಅವನಿಗೆ ಶಾಂತಿ ಕೊಡು.